ಮೊಂಡಜ್ಜಿ ಎದ್ದ ದಿನ

ಐಡೆಲ್ಲಾ ಸಮುದ್ರ ನೋಡಿರಲಿಲ್ಲ. ಅರವತ್ತು ದಾಟಿದ ಹೆಂಗಸು, ಐಡಾಹೋದ ಆಲೂಗಡ್ಡೆ ಸೀಮೆಯಿಂದ ಪಶ್ಚಿಮಕ್ಕೆ ಒಂದು ದಿನ ಗಾಡಿ ಓಡಿಸಿದರೆ ಸಿಗುವ ಸಮುದ್ರವನ್ನು ಯಾಕೆ ನೋಡಿಲ್ಲ ಎಂದು ಯಾರಾದರೂ ಕೇಳಿದರೆ ಅವಳು ಗಂಡನತ್ತ ಬೆರಳು ತೋರಿಸುತ್ತಿದ್ದಳು. ಗಂಡ ಡೆಲ್ಮರ್ ನೆಲದಲ್ಲಿರುವ ಒಂದು ತೂತಿನತ್ತ ಬೆರಳು ತೋರಿಸುತ್ತಿದ್ದ. ತೂತು ಯಾರತ್ತಲೂ ಬೆರಳು ತೋರಿಸುತ್ತಿರಲಿಲ್ಲವಾದ್ದರಿಂದ ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಆ ತೂತಿನ ಹೆಸರು ಮೊಂಡಜ್ಜಿ. ಯೆಲ್ಲೋಸ್ಟೋನ್ ಪಾರ್ಕಿನಲ್ಲಿ ಬಿಸಿನೀರು ಚಿಮ್ಮುವ ಚಿಲುಮೆಗಳಿಗೆ ಬರವಿಲ್ಲ. ಕೆಲವು ಚಿಲುಮೆಗಳು ಸಂಬಳಕ್ಕಿರುವವರ ಹಾಗೆ ಹೊತ್ತಿಗೆ ಸರಿಯಾಗಿ ಏಳುತ್ತವೆ. ಪ್ರವಾಸಿಗಳು ಬಸ್ಸಿನಿಂದ ಇಳಿದು, ಬಾಯಿ ತೆರೆದು, ಫೋಟೋ ಹೊಡೆದು, ಐಸ್‌ಕ್ರೀಮ್ ತಿಂದು ಹೋಗುತ್ತಾರೆ. ಮೊಂಡಜ್ಜಿ ಆ ಪೈಕಿಯಲ್ಲ. ಮನಸ್ಸು ಬಂದರೆ ಒಂದೇ ವಾರದಲ್ಲಿ ಎರಡು ಸಲ ಎದ್ದಾಳು, ಬರದಿದ್ದರೆ ಇಡೀ ಬೇಸಿಗೆ ಮುಸುಕು ಹೊದ್ದು ಮಲಗಿದ್ದಾಳು. ಎದ್ದಳೆಂದರೆ ಮಾತ್ರ ಪಕ್ಕದ ಪೈನ್ ಮರಗಳ ತಲೆಯನ್ನೂ ಮೀರಿ ನಿಲ್ಲುತ್ತಾಳೆ ಎಂದು ನೋಡಿದವರು ಹೇಳುತ್ತಾರೆ. ಡೆಲ್ಮರ್ ನೋಡಿದವನಲ್ಲ.

ನೋಡಲು ಅವನು ಪಟ್ಟ ಪಾಡು ಆ ದೇವರಿಗೇ ಪ್ರೀತಿ. ಶಾಲೆಯ ಬಸ್ಸು ಓಡಿಸುತ್ತಿದ್ದ ಮನುಷ್ಯ. ಬೇಸಿಗೆ ರಜೆ ಬಂತೆಂದರೆ ಹೆಂಡತಿ, ಮಡಿಸುವ ಕುರ್ಚಿ, ಅಗಲ ಅಂಚಿನ ಟೋಪಿ ಮೂರನ್ನೂ ಪಿಕಪ್ ಗಾಡಿಗೆ ಹಾಕಿಕೊಂಡು ಇಲ್ಲಿಗೆ ಬಂದು ಕೂರುತ್ತಿದ್ದ. ನಿವೃತ್ತನಾದ ಮೇಲಂತೂ ಕೇಳುವುದೇ ಬೇಡ. ಅವನು ಕೂತಿರುವಷ್ಟು ಹೊತ್ತು ಅಜ್ಜಿ ಮಿಸುಕುವುದಿಲ್ಲ. ಅವನು ಎದ್ದು ಶೌಚಾಲಯದ ಬಾಗಿಲು ಹಾಕಿಕೊಂಡನೋ, ಇತ್ತ ಅಜ್ಜಿ ಎದ್ದು ಕುಣಿಯುತ್ತಾಳೆ. ಒಂದು ವರ್ಷ ಹಲ್ಲುನೋವು ತಡೆಯಲಾರದೆ ಊರಿಗೆ ಹೋದ, ಅವತ್ತು ಎದ್ದಳು. ಇನ್ನೊಂದು ವರ್ಷ ಗಾಡಿಯ ದೀಪ ಆರಿಸಿ ಬರುತ್ತೇನೆಂದು ಹೋದ, ಅವತ್ತೂ ಎದ್ದಳು. ಹಲ್ಲಿದ್ದವನಿಗೆ ಕಡಲೆ ಇಲ್ಲ ಎನ್ನುತ್ತಾರಲ್ಲ, ಡೆಲ್ಮರನ ವಿಷಯದಲ್ಲಿ ಹಲ್ಲೂ ಹೋಗಿತ್ತು, ಕಡಲೆಯೂ ಹೋಗಿತ್ತು.

ಅಲ್ಲಿ ಕಾದು ಕೂರುವುದೇ ಕಸುಬಾದ ಒಂದು ಗುಂಪೇ ಇದೆ. ಚಿಲುಮೆ ಕಾಯೋರು ಎಂದೇ ಅವರ ಹೆಸರು. ಅವರಿಗೊಂದು ಬೆಂಚು, ಕೈಯಲ್ಲಿ ರೇಡಿಯೋ, ಮತ್ತೆ ಒಂದು ಕಟ್ಟುನಿಟ್ಟಿನ ನಿಯಮ. ನೀರು ಮೊದಲು ಮೇಲೇಳುವ ಆ ಕ್ಷಣವನ್ನು ಕಣ್ಣಾರೆ ಕಂಡರೆ ಅದು 'ಪೂರ್ತಿ'. ಓಡೋಡಿ ಬಂದು, ಎದ್ದು ನಿಂತಿರುವ ಚಿಲುಮೆಯನ್ನು ಎಷ್ಟು ಹೊತ್ತು ನೋಡಿದರೂ ಅದು 'ಅರ್ಧ'. ಅರ್ಧ ನೋಡಿದವನು ನೋಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಅರ್ಧ ಎಂಬ ಮಾತು ಆ ಬೆಂಚಿನಲ್ಲಿ ಬೈಗುಳಕ್ಕಿಂತ ಒಂದು ತೂಕ ಹೆಚ್ಚು.

ಈ ನಿಯಮವನ್ನು ಡೆಲ್ಮರನಷ್ಟು ಗಟ್ಟಿಯಾಗಿ ಹಿಡಿದವರು ಇನ್ನೊಬ್ಬರಿಲ್ಲ. ನೆಬ್ರಾಸ್ಕಾದ ಕ್ಷೌರಿಕ ಥರ್ಮನ್ ಒಮ್ಮೆ ಗಲ್ಲದ ಮೇಲೆ ಸೋಪಿನ ನೊರೆ ಇಟ್ಟುಕೊಂಡೇ ಓಡಿ ಬಂದು, ಮೊಂಡಜ್ಜಿಯನ್ನು ನೋಡಿ, ಪೂರ್ತಿ ಎಂದು ರೇಡಿಯೋದಲ್ಲಿ ಹೇಳಿಬಿಟ್ಟ. ಡೆಲ್ಮರ್ ಆಗಷ್ಟೇ ಶೌಚಾಲಯದಿಂದ ಬಂದಿದ್ದ. "ಅರ್ಧ! ಸೋಪು ಒಣಗಿಲ್ಲ, ನೋಡಿ! ಶುರುವಾದಾಗ ಇವನು ಕನ್ನಡಿ ಮುಂದೆ ಇದ್ದ!" ಎಂದು ಇಡೀ ಕಣಿವೆಗೆ ಕೇಳುವಂತೆ ಕೂಗಿದ. ಅವತ್ತಿನಿಂದ ಆ ಪಾಪದ ಮನುಷ್ಯ 'ಅರ್ಧ ಥರ್ಮನ್'. ನೆಬ್ರಾಸ್ಕಾದಲ್ಲಿ ಅವನ ಸ್ವಂತ ಹೆಂಡತಿಯೂ ಹಾಗೆಯೇ ಕರೆಯುತ್ತಾಳಂತೆ.

ಇನ್ನು ಸಮುದ್ರದ ಮಾತು. "ಅಜ್ಜಿಯನ್ನ ಒಂದು ಸಲ ಪೂರ್ತಿ ನೋಡಿಬಿಡ್ತೀನಿ, ಮಾರನೇ ದಿನವೇ ನಿನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ" ಎಂದು ಡೆಲ್ಮರ್ ಮಾತು ಕೊಟ್ಟಿದ್ದ. ಕೊಟ್ಟು ಕೂದಲು ಬೆಳ್ಳಗಾಯಿತು. ಐಡೆಲ್ಲಾಳ ಅಕ್ಕ ಲಿಯೋಟಾಳಿಗೆ ಆರೆಗಾನ್ ಕರಾವಳಿಯಲ್ಲಿ, ಅಲೆಯ ಸದ್ದು ಅಡುಗೆಮನೆಗೇ ಬರುವಷ್ಟು ಹತ್ತಿರ, ಒಂದು ಮನೆಯಿತ್ತು. ಪ್ರತಿ ವರ್ಷ ಕರೆಯುತ್ತಿದ್ದಳು. ಈಗ ಮಂಡಿನೋವಿಗೆ ಆ ತೇವದ ಹವೆ ಆಗದೆಂದು ಮನೆ ಮಾರಿದ್ದಳು. ಬರುವ ಸೋಮವಾರ ಕೊಂಡವರ ಕೈಗೆ ಬಿಟ್ಟುಕೊಡಬೇಕು. ಇವತ್ತು ಶುಕ್ರವಾರ. ಐಡೆಲ್ಲಾಳಿಗೆ ಗಾಡಿ ಓಡಿಸಲು ಬರುವುದಿಲ್ಲವೆಂದಲ್ಲ. ಒಬ್ಬಳೇ ಹೋಗಿ ನೋಡುವುದಾದರೆ ಟೀವಿಯಲ್ಲೇ ನೋಡಬಹುದಲ್ಲ ಎಂಬುದು ಅವಳ ಹಟ. ಗಂಡನಿಗೊಂದು ನಿಯಮವಿದ್ದರೆ ಹೆಂಡತಿಗೂ ಒಂದು ಬೇಡವೇ?

ಹಾಗಾಗಿ ಆ ಬೆಳಿಗ್ಗೆ, ಕೊರೆಯುವ ಚಳಿಯಲ್ಲಿ ಕಂಬಳಿ ಹೊದ್ದು ಬೆಂಚಿನ ಪಕ್ಕ ಕುರ್ಚಿ ಬಿಡಿಸಿದಾಗ, ಮೊಂಡಜ್ಜಿ ಏಳಲಿ ಎಂದು ಡೆಲ್ಮರನಿಗಿಂತ ಹೆಚ್ಚು ಬೇಡಿಕೊಂಡವಳು ಐಡೆಲ್ಲಾಳೇ.

ಬೆಂಚಿನಲ್ಲಿ ಆಗಲೇ ಥರ್ಮನ್ ಇದ್ದ. ಅವನ ಪಕ್ಕ ಓಪಲ್ ಇದ್ದಳು. ಓಪಲ್ ಎಂದರೆ ಬೆಂಚಿನ ಯಜಮಾನಿ; ಅಂಚೆ ಕಚೇರಿಯಲ್ಲಿ ಜೀವಮಾನವೆಲ್ಲ ಠಸ್ಸೆ ಒತ್ತಿದ ಹೆಂಗಸು, ಮಾತೂ ಠಸ್ಸೆ ಒತ್ತಿದಂತೆಯೇ. ಅವರೆದುರು ಬಿಳಿ ಸುಣ್ಣದಂಥ ದಿಬ್ಬದ ಮೇಲೆ ಮೊಂಡಜ್ಜಿಯ ತೂತು, ಅದರ ಮಗ್ಗುಲಲ್ಲೇ ಇನ್ನೊಂದು ಕಿರಿದಾದ ತೂತು. ಅವನು ಗೊಣಗಜ್ಜ. ಹಗಲೂ ರಾತ್ರಿ ಗುಳುಗುಳು ಗೊಣಗುವುದೇ ಅವನ ಕೆಲಸ. ಅವನು ಗೊಣಗುತ್ತಿರುವ ತನಕ ಅಜ್ಜಿ ಏಳುವುದಿಲ್ಲ. ಅಜ್ಜ ಬಾಯಿ ಮುಚ್ಚಿದನೆಂದರೆ ಅಜ್ಜಿ ಬಾಯಿ ತೆರೆದಳೆಂದೇ ಲೆಕ್ಕ. ಆದ್ದರಿಂದ ಕಾಯುವವರ ಕಣ್ಣು ಅಜ್ಜಿಯ ಮೇಲಿದ್ದರೂ ಕಿವಿ ಅಜ್ಜನ ಮೇಲಿರುತ್ತದೆ.

ಅವತ್ತು ಅಜ್ಜನ ಗೊಣಗು ಆಗಾಗ ತಡವರಿಸುತ್ತಿತ್ತು. ಬೆಂಚಿನವರೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತರು. ಇವತ್ತು ಏಳುತ್ತಾಳೆ. ಏಳದೆ ಇರುವುದಿಲ್ಲ. ಆದರೆ ಡೆಲ್ಮರ್ ಕೂತಿದ್ದಾನಲ್ಲ! ಡೆಲ್ಮರ್ ಹೋದರೆ ಅಜ್ಜಿ ಬರುತ್ತಾಳೆ ಎಂಬುದು ಆ ಬೆಂಚಿನ ಮೂಲಮಂತ್ರ.

ಥರ್ಮನ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. "ಡೆಲ್ಮರ್, ಕಾಫಿ ತಗೋ ಮಾರಾಯ. ಬಿಸಿಬಿಸಿ ಇದೆ. ನನ್ನ ಹೆಂಡ್ತಿ ಸ್ಪೆಷಲ್ಲಾಗಿ ಮಾಡಿಕೊಟ್ಟಿದ್ದು."

"ನಿನ್ನ ಹೆಂಡ್ತಿ ನೆಬ್ರಾಸ್ಕಾದಲ್ಲಿದಾಳೆ."

"ಫೋನಲ್ಲಿ ಹೇಳಿಕೊಟ್ಟಳು."

"ಬೇಡ. ಬೆಳಗ್ಗೆಯಿಂದ ಒಂದು ತೊಟ್ಟು ನೀರು ಕೂಡ ಕುಡಿದಿಲ್ಲ ನಾನು. ನಿನ್ನ ಆಟ ನನಗೆ ಗೊತ್ತಿಲ್ವಾ?"

"ಯಾವ ಆಟ? ಒಳ್ಳೇದಕ್ಕೆ ಕಾಲವಿಲ್ಲ." ಥರ್ಮನ್ ಪಕ್ಕದ ಡಬ್ಬಿ ತೆರೆದ. "ಹೋಗಲಿ, ಕಲ್ಲಂಗಡಿ ಹಣ್ಣಾದ್ರೂ ತಿನ್ನು."

ಡೆಲ್ಮರ್ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಎರಡೂ ಕೈಗಳಿಂದ ಕುರ್ಚಿಯ ತೋಳು ಹಿಡಿದ. ಇನ್ನು ಇವನನ್ನು ಎಬ್ಬಿಸಬೇಕಾದರೆ ಕ್ರೇನು ತರಬೇಕು ಎಂದು ಐಡೆಲ್ಲಾಳಿಗೆ ಗೊತ್ತಾಯಿತು. ಅವಳಿಗೆ ಅವತ್ತು ಆ ಮೊಂಡುತನ ಕಂಡು ಸಂತೋಷವೇ ಆಯಿತು. ಕೂತಿರಪ್ಪಾ, ಹಾಗೇ ಕೂತಿರು ಎಂದುಕೊಂಡಳು.

ಓಪಲ್ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಐಡೆಲ್ಲಾ, ನಿನ್ನ ಗಂಡನ್ನ ಹಾಗೇ ಆ ಕೆಸರುಗುಂಡಿ ತೋರಿಸೋಕೆ ಕರ್ಕೊಂಡು ಹೋಗ್ಬಾರದೇನೇ? ಸ್ವಲ್ಪ ಹೊತ್ತು ಸಾಕು."

"ಅವನು ಬರಲ್ಲ."

"ಅಳು. ತಲೆ ಸುತ್ತುತ್ತೆ ಅನ್ನು. ಹೆಂಡ್ತಿ ಅಲ್ವಾ, ಏನಾದ್ರೂ ಮಾಡು. ಅವನು ಆ ಕಡೆ ಹೋದ ಗಳಿಗೆಗೆ ಇವಳು ಏಳ್ತಾಳೆ, ನಾವೆಲ್ಲ ಕಣ್ತುಂಬ ನೋಡ್ತೀವಿ."

"ನೀವು ನೋಡ್ತೀರಿ. ನಾನು ಸಮುದ್ರ ನೋಡೋದು ಯಾವಾಗ? ಅವನ ಕಣ್ಣೆದುರು ಎದ್ದರೆ ತಾನೇ ನನ್ನ ಕೆಲಸ ಆಗೋದು?"

ಓಪಲ್ ಯೋಚಿಸಿದಳು. "ಸಮುದ್ರದಲ್ಲಿ ಏನಿದೆಯೇ? ಅದೇ ನೀರು. ಅದೂ ತಣ್ಣಗಿರುತ್ತೆ."

ಬಿಸಿಲು ಏರಿತು. ಹಲಗೆ ದಾರಿಯ ಮೇಲೆ ಪ್ರವಾಸಿಗಳ ಸಾಲು ಶುರುವಾಯಿತು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬ ಮನುಷ್ಯ ಬಂದು ಡೆಲ್ಮರನ ಮುಂದೆಯೇ ನಿಂತ.

"ಸಾರ್, ಇಲ್ಲಿ ನೀರು ಎಷ್ಟು ಗಂಟೆಗೆ ಬಿಡ್ತಾರೆ?"

"ಯಾರೂ ಬಿಡಲ್ಲ. ಅವಳೇ ಬಿಡಬೇಕು. ಮುಂದಿಂದ ಸರಿ."

"ಅಲ್ಲ, ಇದಕ್ಕೆ ಮೇಲಿನವರು ಯಾರು? ಅವರನ್ನೇ ಕೇಳ್ತೀನಿ."

"ಅವಳಿಗೆ ಮೇಲೆ ಯಾರೂ ಇಲ್ಲ. ಕೆಳಗೆ ಬೆಂಕಿ ಇದೆ, ಬೇಕಾದ್ರೆ ಹೋಗಿ ಕೇಳು. ಮೊದಲು ಸರಿ ಅಂದೆನಲ್ಲ!"

ಮನುಷ್ಯ ಸರಿದ. ಐಡೆಲ್ಲಾ ತಾನು ತಂದ ಹ್ಯಾಮ್ ಸ್ಯಾಂಡ್‌ವಿಚ್ಚನ್ನೂ ಬೇಯಿಸಿದ ಮೊಟ್ಟೆಯನ್ನೂ ಹಂಚಿದಳು. ಡೆಲ್ಮರ್ ಮೊಟ್ಟೆಗೆ ಉಪ್ಪು ಹಾಕಿಕೊಳ್ಳಲಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕಲ್ಲ. ಬಾಯಾರಿ ಅವನ ನಾಲಿಗೆ ಅಂಗುಳಿಗೆ ಅಂಟಿಕೊಂಡು ಮಾತೆಲ್ಲ ತೊದಲುತ್ತಿತ್ತು. ಅದು ಗೊತ್ತಾಗಿ ಥರ್ಮನ್ ಬೇಕೆಂದೇ ಮೇಲಿಂದ ಮೇಲೆ ಅವನನ್ನು ಮಾತಾಡಿಸಿದ.

ಹೊತ್ತು ನೆತ್ತಿಗೆ ಬಂದರೂ ಅಜ್ಜ ಗೊಣಗುತ್ತಲೇ ಇದ್ದ. ಅಕ್ಕನಿಗೆ ಏನಾದರೊಂದು ಹೇಳಲೇಬೇಕಿತ್ತು. ಬೆಂಚಿನ ಬಳಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಅಂಗಡಿಯ ತನಕ ಹೋಗಬೇಕು. ಐಡೆಲ್ಲಾ ಎದ್ದಳು.

ದಾರಿಯುದ್ದಕ್ಕೂ ಅವಳು ಎಷ್ಟೋ ಬೇಸಿಗೆ ಹಾದುಹೋದ ಬುಗ್ಗೆಗಳೇ. ನಡುವೆ ನೀಲಿ, ಸುತ್ತ ಹಳದಿ, ಅಂಚಿಗೆ ಕಿತ್ತಳೆ ಬಣ್ಣದ ಕೊಳ; ಅದರ ಕಟಕಟೆಯ ಬಳಿ ಹುಡುಗಿಯೊಬ್ಬಳು ಮೊಟ್ಟೆ ಕೊಳೆತ ವಾಸನೆಯೆಂದು ಮೂಗು ಮುಚ್ಚಿಕೊಂಡೇ ಫೋಟೋಕ್ಕೆ ನಗುತ್ತಿದ್ದಳು. ಮುಂದೆ ಕೆಸರುಗುಂಡಿ, ಗಂಜಿ ಕುದಿದಂತೆ ಲೊಚಕ್ ಲೊಚಕ್ ಎನ್ನುತ್ತಿತ್ತು. ಅದರಾಚೆ ಹಲಗೆ ದಾರಿಗೆ ಅಡ್ಡವಾಗಿ ಒಂದು ಕಾಡೆಮ್ಮೆ ಮಲಗಿತ್ತು. ಈ ಕಡೆ ಒಂದು ಗುಂಪು, ಆ ಕಡೆ ಒಂದು ಗುಂಪು, ನಡುವೆ ಅದರ ಮೆಲುಕು. ರೇಂಜರ್ ಹುಡುಗಿ ಎಲ್ಲರನ್ನೂ ದೂರ ನಿಲ್ಲಿಸಿ, "ಅದಾಗೇ ಎದ್ದು ಹೋಗೋ ತನಕ ಕಾಯ್ಬೇಕು" ಎಂದಳು.

"ನನ್ನ ಹಣೆಬರಹವೇ ಅಷ್ಟು," ಎಂದಳು ಐಡೆಲ್ಲಾ. "ಅಲ್ಲೊಬ್ಬಳು ಏಳಲ್ಲ, ಇಲ್ಲೊಂದು ಏಳಲ್ಲ."

ಕಾಡೆಮ್ಮೆ ಸಾವಕಾಶವಾಗಿ ಎದ್ದು, ಬಾಲ ಬೀಸಿ, ಹಲಗೆಯ ಮೇಲೆ ತನ್ನ ಕಾಣಿಕೆಯನ್ನೂ ಬಿಟ್ಟು ಹೋಯಿತು. ಐಡೆಲ್ಲಾ ಅದನ್ನು ದಾಟಿ ಅಂಗಡಿಯ ಗೋಡೆಗೆ ಒರಗಿ ಫೋನು ಹಚ್ಚಿದಳು.

"ನಿನ್ನ ಗಂಡನ ತೂತು ಏನಂತೆ?" ಲಿಯೋಟಾ ಮೊದಲು ಕೇಳಿದ್ದೇ ಅದನ್ನು.

"ಇನ್ನೂ ಇಲ್ಲ ಕಣೇ. ಇವತ್ತು ಏಳೋ ಹಾಗೆ ಕಾಣ್ಸುತ್ತೆ."

"ಏಳೋ ಹಾಗೆ ಕಾಣ್ಸಿ ಎಷ್ಟು ವರ್ಷ ಆಯ್ತು? ನೋಡು, ಮಂಚ ಮೇಜು ಎಲ್ಲ ಸಾಗಿಸಿಯಾಯ್ತು. ಕಿಟಕಿ ಪಕ್ಕದ ಒಂದು ಹಾಸಿಗೆ ಮಾತ್ರ ಹಾಗೇ ಇಟ್ಟಿದೀನಿ, ನಿನಗೆ ಅಂತ. ಮಲಗಿದಲ್ಲಿಂದಲೇ ಅಲೆ ಕಾಣುತ್ತೆ. ಅವನು ಬಂದ್ರೆ ಬರಲಿ, ಇಲ್ದಿದ್ರೆ ಆ ತೂತಿನ ಹತ್ರಾನೇ ಸಂಸಾರ ಮಾಡ್ಲಿ. ನೀನು ಬಾ."

ಐಡೆಲ್ಲಾ ಬೆಂಚಿನ ಕಡೆ ತಿರುಗಿ ನೋಡಿದಳು.

"ತಡಿ, ಫೋನು ಇಡ್ಬೇಡ." ಆ ಕಡೆ ಕಿಟಕಿ ತೆಗೆದ ಸದ್ದಾಯಿತು. "ಹೊರಗೆ ಹಿಡೀತೀನಿ. ಕೇಳ್ಕೋ."

ಮೊದಲು ಬರೀ ಗಾಳಿ. ಆಮೇಲೆ ದೂರದಿಂದ ಏನೋ ಬಂದು ಬಿದ್ದಂತೆ, ಬಿದ್ದದ್ದು ಹಿಂದಕ್ಕೆ ಎಳೆದುಕೊಂಡು ಹೋದಂತೆ, ಮತ್ತೆ ಬಂದಂತೆ. ಐಡೆಲ್ಲಾಳಿಗೆ ಅಳು ಒತ್ತರಿಸಿಕೊಂಡು ಬಂತು. ಐಸ್‌ಕ್ರೀಮ್ ಸಾಲಿನಲ್ಲಿ ನಿಂತವರು ನೋಡುತ್ತಿದ್ದಾರೆ ಎಂಬುದೂ ಅವಳಿಗೆ ಬೇಡವಾಯಿತು. ಇಷ್ಟು ವರ್ಷ ಇದು ಅಲ್ಲಿ ಹೀಗೆ ಬಂದು ಬಂದು ಬೀಳುತ್ತಲೇ ಇತ್ತು, ತಾನು ಮಾತ್ರ ಒಂದು ತೂತಿನ ಎದುರು ಮೊಟ್ಟೆ ಸುಲಿಯುತ್ತ ಕೂತಿದ್ದೆ ಎನ್ನಿಸಿ ಮೈ ಉರಿಯಿತು.

ಪಿಕಪ್ ನಿಲ್ಲಿಸಿದ ಜಾಗ ಹತ್ತಿರದಲ್ಲೇ ಇತ್ತು. ಹೋದಳು, ಬಾಗಿಲು ತೆಗೆದಳು, ಡೆಲ್ಮರನ ಬಟ್ಟೆಯ ಚೀಲವನ್ನು ಹೊರಗೆಳೆದಳು. ಅದನ್ನು ಹೊತ್ತುಕೊಂಡು ಬೆಂಚಿನ ಕಡೆ ನಡೆದಳು. ಕಾಡೆಮ್ಮೆಯ ಕಾಣಿಕೆಯ ಮೇಲೆ ಕಾಲಿಟ್ಟಳು, ಅದನ್ನೂ ಲೆಕ್ಕಿಸಲಿಲ್ಲ.

ಬೆಂಚಿನ ಹಿಂದೆ ಬಂದು ಚೀಲವನ್ನು ದೊಪ್ಪನೆ ಹಲಗೆಯ ಮೇಲೆ ಹಾಕಿದಳು.

"ಡೆಲ್ಮರ್, ನಿನ್ನ ಬಟ್ಟೆ. ನಾನು ಹೋಗ್ತಾ ಇದೀನಿ."

ಡೆಲ್ಮರ್ ಕತ್ತು ತಿರುಗಿಸಲಿಲ್ಲ. "ಎಲ್ಲಿಗೆ?"

"ಸಮುದ್ರಕ್ಕೆ."

"ಈಗಲಾ? ಅಜ್ಜ ತಡವರಿಸ್ತಾ ಇದಾನೆ ಕಣೆ! ಇವತ್ತು ಗ್ಯಾರಂಟಿ. ನಾಳೆ ಇಬ್ಬರೂ ಹೋಗೋಣ."

"ನಾಳೆ ಅನ್ನೋ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಯ್ತು. ಒಂದು ತೂತಿಗೆ ನನ್ನ ಇಡೀ ಆಯಸ್ಸು ಸುರಿದಿದೀಯ, ಸಾಲದಾ?"

ಓಪಲ್ ತಿರುಗಿ ನೋಡಿದಳು. ಥರ್ಮನ್ ತಿರುಗಿ ನೋಡಿದ. ಕಾಯುವವರಿಗೆ ಕತ್ತು ತಿರುಗಿಸುವುದು ನಿಷಿದ್ಧ, ನಿಜ. ಆದರೆ ಗಂಡಹೆಂಡಿರ ಜಗಳ ಚಿಲುಮೆಗಿಂತ ಅಪರೂಪವಲ್ಲದಿದ್ದರೂ ಚಿಲುಮೆಗಿಂತ ಸ್ವಾರಸ್ಯ. ಬೆಂಚಿಗೆ ಬೆಂಚೇ ಹಿಂದಕ್ಕೆ ತಿರುಗಿ ಕೂತಿತು.

"ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಐಡೆಲ್ಲಾ," ಎಂದ ಡೆಲ್ಮರ್, ಇನ್ನೂ ಅಜ್ಜಿಯನ್ನೇ ನೋಡುತ್ತ.

"ನಿನ್ನ ಅಜ್ಜಿ ಓಡಿಹೋಗ್ತಾಳಾ? ಲಿಯೋಟಾ ಮನೆ ಓಡಿಹೋಗುತ್ತೆ. ಸೋಮವಾರ. ಒಂದು ಹಾಸಿಗೆ ಇಟ್ಕೊಂಡು ಕಾಯ್ತಾ ಇದಾಳೆ ನನಗೆ. ನೀನು ಒಂದು ಚಿಲುಮೆಗೆ ಕಾಯ್ತೀಯ, ನನಗಾಗಿ ಯಾವತ್ತಾದ್ರೂ ಕಾದಿದೀಯಾ?"

"ಅರೇ, ಕಾದಿದಾನೆ," ಎಂದ ಥರ್ಮನ್, ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತ. "ಹೋದ ವರ್ಷ ನೀನು ಶೌಚಾಲಯದಲ್ಲಿದ್ದಾಗ ಸ್ಯಾಂಡ್‌ವಿಚ್ಚಿಗೆ ಕಾದಿದ್ದ."

"ಬಾಯ್ಮುಚ್ಚು ಅರ್ಧ!" ಎಂದರು ಗಂಡಹೆಂಡಿರಿಬ್ಬರೂ ಒಟ್ಟಿಗೆ.

"ಒಬ್ಬಳೇ ನೋಡೋಕೆ ಇಷ್ಟ ಇಲ್ಲ ಅಂತಲೇ ಇಷ್ಟು ವರ್ಷ ಹೋಗಲಿಲ್ಲ," ಎಂದಳು ಐಡೆಲ್ಲಾ. "ನೀನಿಲ್ಲದೆ ನೋಡಿದ್ರೆ ಅದು ನನಗೆ ಅರ್ಧವೇ. ಪರವಾಗಿಲ್ಲ. ಅರ್ಧವಾದ್ರೂ ನೋಡ್ತೀನಿ." ಕೈಯಲ್ಲಿ ಗಾಡಿಯ ಕೀಲಿ ಹಿಡಿದು ಅವಳು ತಿರುಗಬೇಕೆನ್ನುವಷ್ಟರಲ್ಲಿ ಕುರ್ಚಿ ಕಿರ್ರೆಂದಿತು.

ಡೆಲ್ಮರ್ ಎದ್ದಿದ್ದ. ಶೌಚಾಲಯಕ್ಕಲ್ಲ, ಹಲ್ಲುನೋವಿಗಲ್ಲ. ಅವನು ಮಂಡಿ ಸಡಿಲಿಸಿಕೊಂಡು, ಮೊಂಡಜ್ಜಿಗೆ ಬೆನ್ನು ಹಾಕಿ, ಬೆಂಚನ್ನು ಬಳಸಿ ಹೆಂಡತಿಯ ಮುಂದೆ ಬಂದು ನಿಂತ. ಬಾಯಾರಿದ ತುಟಿ ಬಿರಿದಿತ್ತು. ಅವಳ ಕಣ್ಣು ನೋಡಿದ, ಅವಳ ಶೂ ನೋಡಿದ, ಶೂಗೆ ಮೆತ್ತಿದ್ದನ್ನೂ ನೋಡಿದ.

"ಕೀಲಿ ಕೊಡಿಲ್ಲಿ," ಎಂದ.

"ಕೊಡಲ್ಲ. ತಡೀಬೇಡ ನನ್ನ."

"ತಡಿಯೋರು ಯಾರು? ಆ ಗಾಡಿಗೆ ಎರಡನೇ ಗೇರು ಸರಿಯಾಗಿ ಬೀಳಲ್ಲ. ಘಾಟಿ ಇಳಿಯೋವಾಗ ಒದ್ದಾಡ್ತೀಯ. ನಾನು ಓಡಿಸ್ತೀನಿ. ಕೊಡು."

ಐಡೆಲ್ಲಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕೀಲಿ ಹಿಡಿದ ಕೈ ತಾನಾಗಿ ಮುಂದೆ ಬಂತು.

ಆ ಹೊತ್ತಿಗೆ ಗೊಣಗಜ್ಜ ಸುಮ್ಮನಾಗಿ ಬಹಳ ಹೊತ್ತಾಗಿತ್ತು. ಒಬ್ಬರ ಕಿವಿಗೂ ಬಿದ್ದಿರಲಿಲ್ಲ. ಕಿವಿಗಳೆಲ್ಲ ಎರಡನೇ ಗೇರಿನ ಮೇಲಿದ್ದವು.

ಡೆಲ್ಮರನ ಹೆಗಲಾಚೆ, ತಮ್ಮ ಕಡೆ ತಿರುಗಿ ಬಾಯಿ ಬಿಟ್ಟುಕೊಂಡು ಕೂತ ತಲೆಗಳಾಚೆ, ಬಿಳಿ ದಿಬ್ಬದ ಮೇಲೆ ನೀರು ಸದ್ದಿಲ್ಲದೆ ಉಬ್ಬಿದ್ದು ಐಡೆಲ್ಲಾಳಿಗೆ ಕಂಡಿತು. ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು. ಆಮೇಲೆ ಇಳಿಯಲಿಲ್ಲ. ನಿದ್ದೆಯಿಂದ ಎದ್ದ ಹೆಂಗಸು ಸೊಂಟ ನೆಟ್ಟಗೆ ಮಾಡಿದ ಹಾಗೆ ಮೇಲೆದ್ದಿತು, ಮೇಲೆದ್ದಿತು, ಪೈನ್ ಮರಗಳನ್ನೂ ದಾಟಿ ಆಕಾಶಕ್ಕೆ ಹತ್ತಿತು. ಆಮೇಲೆ ಬಂತು ಆರ್ಭಟ. ಕಾಲಡಿಯ ಹಲಗೆಗಳು ಗಡಗಡ ನಡುಗಿದವು.

ಬೆಂಚಿನವರು ಒಮ್ಮೆಲೇ ತಿರುಗಿದರು. ಆದರೆ ತಿರುಗಿದ್ದು ತಡವಾಗಿತ್ತು.

"ಅಯ್ಯಯ್ಯೋ! ಹೋಯ್ತು! ಶುರು ಹೋಯ್ತು!" ಓಪಲ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

ಥರ್ಮನ್ ಮಾತ್ರ ಬೆಂಚಿನ ಮೇಲೆ ಹತ್ತಿ ಕುಣಿಯುತ್ತಿದ್ದ. "ಅರ್ಧ! ಎಲ್ಲರೂ ಅರ್ಧ! ಓಪಲ್ ಅರ್ಧ! ನೀನು ಅರ್ಧ, ನೀನೂ ಅರ್ಧ! ಡೆಲ್ಮರ್, ನೀನೂ ಅರ್ಧ ಕಣೋ!"

"ನಾನಲ್ಲ," ಎಂದ ಡೆಲ್ಮರ್.

ಅವನು ತಿರುಗಿರಲಿಲ್ಲ. ಐಡೆಲ್ಲಾ ಅವನ ಕತ್ತನ್ನೇ ನೋಡಿದಳು. ಈಗ ತಿರುಗುತ್ತಾನೆ. ತಿರುಗಿದನೆಂದರೆ ಮುಗಿಯಿತು, ಅರ್ಧ ನೋಡಿದ ಹೊಟ್ಟೆಯುರಿಗೆ ಪೂರ್ತಿ ನೋಡುವ ತನಕ ಇಲ್ಲಿಂದ ಕದಲಲಾರ, ಸಮುದ್ರ ಹೋಯಿತು. ಅವನ ಕತ್ತಿನ ನರಗಳು ಬಿಗಿದು ನಿಂತಿದ್ದವು. ಇಡೀ ಆಯುಷ್ಯ ಕಾದದ್ದು ಬೆನ್ನ ಹಿಂದೆ ಗುಡುಗುತ್ತಿತ್ತು, ಆದರೂ ಅವನು ಹೆಂಡತಿಯ ಮುಖವನ್ನೇ ನೋಡುತ್ತ ನಿಂತಿದ್ದ.

"ಹೇಗಿದೆ?" ಎಂದು ಕೇಳಿದ, ಸಣ್ಣ ದನಿಯಲ್ಲಿ.

ಅವಳು ಹೇಳಿದಳು, "ಅಷ್ಟೇನಿಲ್ಲ."

"ಎಷ್ಟೆತ್ತರ?"

"ಮೊಣಕಾಲೆತ್ತರ ಬರಬಹುದು."

ಗಾಳಿ ತಿರುಗಿತು. ಬೆಚ್ಚನೆಯ ಹನಿಗಳು ಡೆಲ್ಮರನ ಟೋಪಿಯ ಮೇಲೆ ಪಟಪಟ ಬಿದ್ದು, ಅಂಚಿನಿಂದ ಅವನ ಮೂಗಿಗಿಳಿದವು. ಅವನು ನಾಲಿಗೆ ಚಾಚಿ ಒಂದು ಹನಿ ನೆಕ್ಕಿದ.

"ಮೊಣಕಾಲೆತ್ತರದ್ದು ನನ್ನ ಟೋಪಿ ಮೇಲೆ ಹೇಗೆ ಬಿತ್ತು?"

"ಗಾಳಿಗೆ."

"ಹೂಂ. ಗಾಳಿಗೆ." ಅವನು ಬಗ್ಗಿ ಬಟ್ಟೆಯ ಚೀಲ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವಳ ಕೈ ಹಿಡಿದ. "ನಡಿ."

ಗಾಡಿಯ ಕಡೆ ಹೊರಟ. ಐಡೆಲ್ಲಾ ಅವನ ಹಿಂದೆ ಹಿಂದೆ ಹೆಜ್ಜೆ ಹಾಕಿದಳು, ಆದರೆ ಮುಖ ತಿರುಗಿಸಿ ಮುಂದೆ ನಡೆಯಲು ಅವಳಿಂದಾಗಲಿಲ್ಲ. ಜನ್ಮದಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ. ಇಷ್ಟು ಬೇಸಿಗೆ ಶಪಿಸಿದ ಆ ತೂತು ಬಿಸಿಲಿನಲ್ಲಿ ಬೆಳ್ಳಿಯ ಹಾಗೆ ನಿಂತಿತ್ತು, ಅದರ ಹಬೆಯಲ್ಲಿ ಕಾಮನಬಿಲ್ಲೊಂದು ಮೂಡಿತ್ತು. ಗಂಡ ಮುಂದಕ್ಕೆ ಎಳೆದ ಹಾಗೆ ಅವಳು ಹಿಮ್ಮುಖವಾಗಿಯೇ ಎಡವುತ್ತ ನಡೆದಳು.

ಓಪಲ್ ರೇಡಿಯೋ ಹಿಡಿದು ಬೆನ್ನಟ್ಟಿ ಬಂದಳು. "ಐಡೆಲ್ಲಾ! ಶುರು ನೋಡಿದ್ದು ನೀನೊಬ್ಬಳೇ ಕಣೇ! ಪೂರ್ತಿ ನೋಡಿದವಳು ನೀನೊಬ್ಬಳೇ! ಎಲ್ಲ ಕಡೆಯಿಂದ ಕೇಳ್ತಾ ಇದಾರೆ. ಎಷ್ಟು ಸಲ ಉಬ್ಬಿತು? ಹೇಗೆ ಎದ್ದಳು? ಒಂದು ಮಾತು ಹೇಳಿ ಹೋಗೇ!"

ಐಡೆಲ್ಲಾ ಬಾಯಿ ತೆರೆದಳು. ಪಕ್ಕದಲ್ಲಿ ಡೆಲ್ಮರ್ ನಿಂತೇಬಿಟ್ಟ. ಮುಖ ಗಾಡಿಯ ಕಡೆಗೇ ಇತ್ತು, ಆದರೆ ಕಿವಿ ಮೊಲದ ಕಿವಿಯಾಗಿತ್ತು. ಅವಳು ಅವನನ್ನು ನೋಡಿ ಬಾಯಿ ಮುಚ್ಚಿಕೊಂಡಳು.

"ಸಮುದ್ರದಿಂದ ಫೋನ್ ಮಾಡ್ತೀನಿ ಓಪಲ್," ಎಂದಳು.

ಗಾಡಿ ಹತ್ತಿದರು. ಡೆಲ್ಮರ್ ಕನ್ನಡಿಯನ್ನು ಮೇಲ್ಮುಖ ಮಾಡಿ, ಹಿಂದಿನದೇನೂ ಕಾಣದ ಹಾಗೆ ತಿರುಗಿಸಿಟ್ಟ. ಸೀಟಿನ ಕೆಳಗಿದ್ದ ನೀರಿನ ಬಾಟಲಿ ತೆಗೆದು, ಒಂದೇ ಗುಟುಕಿಗೆ ಖಾಲಿ ಮಾಡಿದ. ಎರಡನೇ ಗೇರು ಮೂರು ಸಲ ಕಿರುಚಿ ಕೊನೆಗೆ ಬಿತ್ತು. ಪೈನ್ ಮರಗಳು ಹಿಂದಾದವು, ಆರ್ಭಟವೂ ಹಿಂದಾಯಿತು. ಪಾರ್ಕಿನ ಪಶ್ಚಿಮದ ಗೇಟೂ ದಾಟಿತು.

"ಐಡೆಲ್ಲಾ," ಎಂದ ಡೆಲ್ಮರ್.

"ಏನು?"

"ಈಗ ನಿಜ ಹೇಳು. ಹೇಗೆ ಎದ್ದಳು? ಶುರುವಿನಿಂದ ಹೇಳು, ಒಂದೂ ಬಿಡಬಾರದು."

ಐಡೆಲ್ಲಾ ಸೀಟಿಗೆ ಒರಗಿ, ಕಾಲು ಮುಂದೆ ಚಾಚಿ, ಒದ್ದೆಯಾದ ಮುಖವನ್ನು ಅಂಗಿಯ ತೋಳಿನಲ್ಲಿ ಒರೆಸಿಕೊಂಡಳು. ನೆನೆಸಿಕೊಂಡು ಅವಳ ಮುಖದ ಮೇಲೆ ನಗು ಹರಡಿತು. ಅದನ್ನು ಕಂಡು ಅವನಿಗೆ ಇನ್ನಷ್ಟು ಹೊಟ್ಟೆ ಉರಿಯಿತು.

"ಮೊದಲು ಸಮುದ್ರ ತೋರಿಸು," ಎಂದಳು. "ಮಾರನೇ ದಿನವೇ ಹೇಳಿಬಿಡ್ತೀನಿ."